ಶುಗರ್ ಪುಡಿಯ ಡಬ್ಬಿ ತಿರುಗಿಸಿ ನೋಡಿ

ನಮ್ಮ ಕಲಬುರಗಿಯಲ್ಲಿ ಶುಗರ್ ಬಂದವರಿಗೆ ಸಲಹೆಗಂತೂ ಬರವಿಲ್ಲ. ಮದುವೆ ಪಂಕ್ತಿಯಲ್ಲಿ ಪಕ್ಕದವರು ನೇರಳೆ ಬೀಜದ ಪುಡಿ ಅಂತಾರೆ, ವಾಟ್ಸಾಪ್‌ನಲ್ಲಿ ಅಮೃತಬಳ್ಳಿ ಕಷಾಯ ಬರುತ್ತೆ. ಅವರ ಮೇಲೆ ಸಿಟ್ಟಿಲ್ಲ, ಕಾಳಜಿಯಿಂದ ಹೇಳ್ತಾರೆ. ಆದರೆ ಮಾರುವವರ ಮಾತನ್ನೇ ಮಾಹಿತಿ ಅಂತ ನಂಬೋದಿದೆಯಲ್ಲ, ಅದಕ್ಕೆ ನನ್ನ ತಕರಾರು.

ಮೊನ್ನೆ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯವರು ಶುಗರ್‌ಗೆ ಅಂತ ಒಂದು ಪುಡಿಯ ಡಬ್ಬಿ ಕೈಗಿಟ್ಟರು. "ಮೂರು ತಿಂಗಳು ತೊಗೋರಿ ಸರ್, ಗುಳಿಗಿ ಬಿಟ್ಟೇ ಬಿಡ್ತೀರಿ." ಮುಂದೆ ದೊಡ್ಡ ಹಾಗಲಕಾಯಿ ಚಿತ್ರ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ನಾಟ್ ಫಾರ್ ಮೆಡಿಸಿನಲ್ ಯೂಸ್'. ಔಷಧಿಯಾಗಿ ಬಳಸಬೇಡಿ ಅಂತ ಕಂಪನಿಯೇ ಬರೆದಿದೆ! ಪಕ್ಕದಲ್ಲಿ ಎಫ್‌ಎಸ್‌ಎಸ್‌ಎಐನ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, 14 ಅಂಕಿಯ ನಂಬರ್. ಅದನ್ನು ತೋರಿಸಿ "ಗವರ್ಮೆಂಟ್ ಪಾಸ್ ಮಾಡ್ಯಾದ್ರಿ" ಅಂದರು. ಅದು ಆಹಾರ ವ್ಯಾಪಾರದ ಲೈಸೆನ್ಸ್ ಅಷ್ಟೇ. ಶುಗರ್ ಇಳಿಯುತ್ತೆ ಅನ್ನೋದಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಆಯುರ್ವೇದ, ಯುನಾನಿ ಔಷಧಿಗೆ ಲೈಸೆನ್ಸೇ ಬೇರೆ. ಶುಗರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದಂತೂ ಔಷಧಿ ಜಾಹೀರಾತಿನ 1954ರ ಕಾಯ್ದೆ ಪ್ರಕಾರ ಅಪರಾಧ.

"ಗಿಡಮೂಲಿಕೆ ಅಲ್ವಾ, ಏನಾಗುತ್ತೆ?" ಅಂತೀರಾ? ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ ಅಮೆರಿಕದ ಸಂಶೋಧಕರು 2008ರಲ್ಲಿ ವರದಿ ಕೊಟ್ಟರು. ಸುಮಾರು ಐದಕ್ಕೊಂದರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಇತ್ತು. ಅಮೆರಿಕದಲ್ಲೇ ತಯಾರಾದವೂ ಇದಕ್ಕೆ ಹೊರತಲ್ಲ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ತಗೊಂಡ ಕೆಲವರ ಲಿವರ್‌ಗೆ ಏಟು ಬಿದ್ದದ್ದನ್ನು ಬರೆದರು. ಅವರು ತಿಂದದ್ದು ಅಮೃತಬಳ್ಳಿಯೋ ಅದೇ ಜಾತಿಯ ಬೇರೆ ಬಳ್ಳಿಯೋ ಅಂತ ಆಯುಷ್ ಸಚಿವಾಲಯ ಕೇಳಿತು. ಒಪ್ಪೋಣ. ಆದರೆ ವೈದ್ಯರು, ಸಚಿವಾಲಯದ ನಡುವೆಯೇ ಈ ಜಗಳ ಇದ್ದರೆ, ಜಾತ್ರೆಯಲ್ಲಿ ಗೋಣಿ ಹಾಸಿ ಮಾರುವ ಬೇರು ಯಾವುದು ಅಂತ ಯಾರು ಹೇಳಬೇಕು?

ಏನನ್ನೂ ಮಾರದವರನ್ನು ಕೇಳಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಡಯಟರಿ ಸಪ್ಲಿಮೆಂಟ್ಸ್ ವಿಭಾಗ ವೆಬ್‌ಸೈಟ್‌ನಲ್ಲಿ ಒಂದೊಂದು ವಿಟಮಿನ್, ಖನಿಜದ ಬಗ್ಗೆಯೂ ಪುಕ್ಕಟೆ ಮಾಹಿತಿ ಇಟ್ಟಿದೆ. ಗಿಡಮೂಲಿಕೆಗೆ ಅದೇ ಎನ್‌ಐಎಚ್‌ನ ಎನ್‌ಸಿಸಿಐಎಚ್ ಅನ್ನೋ ಇನ್ನೊಂದು ಕೇಂದ್ರ ಇದೆ. ಪುರಾವೆ ಇಲ್ಲದಿದ್ದರೆ ಇಲ್ಲ ಅಂತಲೇ ಬರೀತಾರೆ, ನನಗೆ ಹಿಡಿಸಿದ್ದು ಅದೇ. ಇಂಗ್ಲಿಷ್ ಕಷ್ಟ ಆದರೆ ದಿನವಿಡೀ ಮೊಬೈಲ್ ಹಿಡಿದಿರುವ ಮಕ್ಕಳು ಓದಿ ಹೇಳಲಿ.

ಡಾಕ್ಟರ್ ಹತ್ತಿರ ಹೋಗುವಾಗ ಡಬ್ಬಿ ಚೀಲದಲ್ಲಿರಲಿ. ಗುಳಿಗೆ, ಪುಡಿ ಎರಡೂ ಸೇರಿ ಶುಗರ್ ತೀರಾ ಇಳಿದರೆ ತಲೆ ಸುತ್ತಿ ಬೀಳೋದು ನೀವು. ಬೈತಾರೆ ಅಂತ ಬಹಳ ಜನ ಮುಚ್ಚಿಡ್ತಾರೆ. ಡಾಕ್ಟರುಗಳೇ, ಸ್ವಲ್ಪ ಬೈಯೋದು ಬಿಟ್ಟು ಕೇಳಿ ನೋಡಿ. ಇನ್ನು ಪುಡಿ ತಗೊಂಡ ಮೇಲೆ ಕಣ್ಣು ಹಳದಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅಡ್ಡಪರಿಣಾಮದ ದೂರು ಕೊಡಲು 1800-180-3024 ಇದೆ, ಫೋನಿಗೆ ದುಡ್ಡು ಬೀಳಲ್ಲ.