ಬಗ್ಗಿ ನೋಡಿದರೆ ದ್ರಾಕ್ಷಿ ತೋಟ

ವೈನ್ ದ್ರಾಕ್ಷಿಯ ತೋಟ ನೋಡೋಕೆ ಮಹಾರಾಷ್ಟ್ರದ ನಾಸಿಕ್‌ಗೆ ಹೋಗೋಣ ಅಂತ ಮೂರು ವಾರದಿಂದ ರೂಮು ಹುಡುಕುತ್ತಿದ್ದೇನೆ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗಲೂ ಇಷ್ಟು ಸುಸ್ತಾಗಿರಲಿಲ್ಲ. ನಿನ್ನೆ ರಾತ್ರಿಯಂತೂ ತಲೆ ಕೆಟ್ಟುಹೋಯಿತು. 'ವೈನ್‌ಯಾರ್ಡ್ ವ್ಯೂ' ಅಂತೆ, ರಾತ್ರಿಗೆ 9,000 ರೂಪಾಯಿ. ಫೋಟೊ ದೊಡ್ಡದು ಮಾಡಿ ನೋಡಿದರೆ ಮುಂದೆ ಪಾರ್ಕಿಂಗು, ಅದರಾಚೆ ನೀರಿನ ಟ್ಯಾಂಕು, ಟ್ಯಾಂಕಿನ ಸಂದಿಯಲ್ಲಿ ನಾಲ್ಕು ಬಳ್ಳಿ! ಅದಾದರೂ ವೈನಿನ ದ್ರಾಕ್ಷಿಯಾ? ನಾಸಿಕ್‌ನಲ್ಲಿ ಬೆಳೆಯುವುದರಲ್ಲಿ ಜಾಸ್ತಿ ಪಾಲು ತಿನ್ನುವ ದ್ರಾಕ್ಷಿಯೇ. ಅದನ್ನು ನೋಡೋಕೆ ನಮ್ಮ ವಿಜಯಪುರ ಸಾಲದಾ?

ಮೇ ತಿಂಗಳಿಗೆ ಕೇಳಿದರೆ ಭಾರೀ ಆಫರ್. ಇರದೆ ಏನು? ವೈನ್ ದ್ರಾಕ್ಷಿಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಏಪ್ರಿಲ್‌ನಲ್ಲಿ ಚಾಟನಿ ಮಾಡಿ, ಅಂದರೆ ಕಡ್ಡಿ ಕತ್ತರಿಸಿ, ಬಳ್ಳಿ ಬೋಳಿಸಿರುತ್ತಾರೆ. ಬೋಳು ಕಡ್ಡಿ ನೋಡೋಕೆ ರಿಯಾಯಿತಿ! ಜನವರಿಗೆ ಕೇಳಿದರೆ ಅದೇ ರೂಮಿಗೆ ಎರಡರಷ್ಟು, ಮೇಲೆ ಎರಡು ರಾತ್ರಿ ಕಡ್ಡಾಯ.

'ವೈನರಿಗೆ ಬರೀ 10 ನಿಮಿಷ' ಅಂತಾರಲ್ಲ, ಯಾವುದರಲ್ಲಿ, ಹೆಲಿಕಾಪ್ಟರಲ್ಲಾ? ವೈನರಿಗಳಿರುವ ಗಂಗಾಪುರ ಅಣೆಕಟ್ಟಿನ ಪಕ್ಕದಲ್ಲೇ ಅಂದವರು ಮ್ಯಾಪಿನಲ್ಲಿ ಮುಂಬೈ ಹೈವೇ ಮೇಲಿದ್ದಾರೆ. ನಾಲ್ಕು ಗ್ಲಾಸ್ ರುಚಿ ನೋಡಿದ ಮೇಲೆ ಅಲ್ಲಿಂದ ಗಾಡಿ ಓಡಿಸೋರು ಯಾರು, ನಮ್ಮತ್ತೆಯಾ?

ಕೊನೆಗೆ ಒಂದು ಸಿಕ್ಕಿತು. ತೋಟದ ನಡುವೆಯೇ, ಬೆಲೆಯೂ ಪರವಾಗಿಲ್ಲ. ದುಡ್ಡು ಕಟ್ಟುವ ಮೊದಲು ಸುಮ್ನೆ ನಿಯಮ ಓದಿದೆ: 'ಆವರಣದಲ್ಲಿ ಮದ್ಯಪಾನ ನಿಷೇಧ.'