ಝಿಯಾ ಸೂರ್ಯ ಮತ್ತು ತಾಂಡಾದ ಕಸೂತಿ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ ನೆಲೆಸಿದ ಮೇಲೆ ನನ್ನ ಕಣ್ಣಿಗೆ ದಿನವೂ ಬೀಳುವುದು ಒಂದು ಸೂರ್ಯನ ಚಿತ್ರ: ನಡುವೆ ವೃತ್ತ, ನಾಲ್ಕು ಕಡೆಗೂ ನಾಲ್ಕು ನಾಲ್ಕು ಕಿರಣಗಳು. ರಾಜ್ಯದ ಧ್ವಜ, ಕಾರಿನ ನಂಬರ್ ಪ್ಲೇಟು, ಟೀ ಶರ್ಟು, ಕಿವಿಯೋಲೆ, ಎಲ್ಲದರ ಮೇಲೂ ಅದೇ. ಅದು ಝಿಯಾ ಪ್ಯೂಬ್ಲೋ ಎಂಬ ಮೂಲನಿವಾಸಿ ಸಮುದಾಯದ ಪವಿತ್ರ ಚಿಹ್ನೆ. ದಿಕ್ಕು, ಋತು, ದಿನದ ಹೊತ್ತು, ಬಾಳಿನ ಹಂತ ಎಲ್ಲವೂ ನಾಲ್ಕೆಂಬ ಅವರ ನಂಬಿಕೆ ಅದರಲ್ಲಿದೆ. ಸಾಂತಾ ಫೆಯ ಮ್ಯೂಸಿಯಂನಲ್ಲಿದ್ದ ಅವರ ಮಡಕೆಯ ಚಿತ್ತಾರವನ್ನು ಆಧರಿಸಿ ಹ್ಯಾರಿ ಮೆರಾ ಎಂಬ ವೈದ್ಯರು ಧ್ವಜವನ್ನು ರೂಪಿಸಿದರು, 1925ರಲ್ಲಿ ರಾಜ್ಯ ಅದನ್ನು ಅಂಗೀಕರಿಸಿತು. ಝಿಯಾ ಜನರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದನ್ನು ಇಲ್ಲಿ 1990ರ ಕಾನೂನು ತಡೆಯುತ್ತದೆ. ಒಳಉಡುಪಿಗೂ ಮದ್ಯದ ಫ್ಲಾಸ್ಕಿಗೂ 'ನವಾಹೋ' ಹೆಸರಿಟ್ಟ ಅರ್ಬನ್ ಔಟ್‌ಫಿಟರ್ಸ್ ಎಂಬ ಉಡುಪಿನ ಕಂಪನಿಯ ಮೇಲೆ ನವಾಹೋ ಮೂಲನಿವಾಸಿಗಳ ಆಡಳಿತವಾದ ನವಾಹೋ ನೇಷನ್ 2012ರಲ್ಲಿ ಹೂಡಿದ ದಾವೆ 2016ರಲ್ಲಿ ರಾಜಿಯಲ್ಲಿ ಮುಗಿಯಿತು. ಆದರೆ ಹೆಸರನ್ನು ಬಿಟ್ಟು ಚಿತ್ತಾರವನ್ನಷ್ಟೇ ನಕಲು ಮಾಡಿದವನನ್ನು ಈ ಕಾನೂನು ಹಿಡಿಯಲಾರದು. ನಮ್ಮಲ್ಲಿಯೂ ಅಷ್ಟೇ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ, ಅಂದರೆ ಆ ಹೆಸರನ್ನು ಬೇರೆ ಕಡೆಯವರು ತಮ್ಮ ಸರಕಿಗೆ ಇಡುವಂತಿಲ್ಲ. ಆದರೂ ಕನ್ನಡಿ ಚೂರು, ಕವಡೆ, ಬಣ್ಣದ ದಾರಗಳ ಅದೇ ವಿನ್ಯಾಸವನ್ನು ಯಂತ್ರದಲ್ಲಿ ಹೊಲಿದು, ಸಂಡೂರಿನ ಹೆಸರೆತ್ತದೆ ಮಾರಿದರೆ ತಾಂಡಾದ ಹೆಣ್ಣುಮಕ್ಕಳಿಗೆ ಆ ಮಾನ್ಯತೆಯಿಂದ ಪ್ರಯೋಜನವಿಲ್ಲ.

ಆದ್ದರಿಂದ ನನಗೆ ಕಾನೂನಿಗಿಂತ ಇಲ್ಲಿ ಕಂಡ ಎರಡು ನಡವಳಿಕೆಗಳು ದೊಡ್ಡವು. ಸೌತ್‌ವೆಸ್ಟ್ ಏರ್‌ಲೈನ್ಸ್ ತನ್ನ ವಿಮಾನವೊಂದಕ್ಕೆ ಆ ಸೂರ್ಯನನ್ನು ಬಳಿಯುವ ಮೊದಲು ಝಿಯಾ ಜನರ ಅನುಮತಿ ಕೇಳಿತು, ಅವರ ವಿದ್ಯಾರ್ಥಿವೇತನ ನಿಧಿಗೆ ಹಣವನ್ನೂ ಕೊಟ್ಟಿತು. ಸಾಂತಾ ಫೆಯ ಪ್ಯಾಲೇಸ್ ಆಫ್ ದಿ ಗವರ್ನರ್ಸ್ ಕಟ್ಟಡದ ಜಗುಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ಕಂಬಳಿ ಹಾಸಿ ಕೂತು, ತಾವು ಅಥವಾ ತಮ್ಮ ಮನೆಯವರು ಮಾಡಿದ್ದನ್ನಷ್ಟೇ ಮಾರುತ್ತಾರೆ. ಅಲ್ಲಿ ಕೊಳ್ಳಲು ಬಾಗಿದರೆ, ಬೆಳ್ಳಿಯ ಬಳೆಗಿಂತ ಮೊದಲು ಅದನ್ನು ಬಡಿದ ಕೈಗಳು ಕಾಣುತ್ತವೆ. ಇಂಥದೊಂದು ಜಗುಲಿ ಹಂಪಿಗೆ ಬರುವ ಪ್ರವಾಸಿಗರಿಗೂ ಸಿಗಬೇಕೆಂದು, ಸಂಡೂರು ಅಲ್ಲಿಗೆ ಎಷ್ಟು ಹತ್ತಿರವೆಂದು ನೆನೆದಾಗಲೆಲ್ಲ ನನಗನ್ನಿಸುತ್ತದೆ.

ಇದನ್ನು ಬರೆಯುವ ನಾನೂ ತಪ್ಪು ಮಾಡಿದ್ದೇನೆ. ಇಲ್ಲಿನ ರಾಜ್ಯೋತ್ಸವಕ್ಕೆ ನಮ್ಮ ಮಕ್ಕಳಿಗೆ ಲಂಬಾಣಿ ಕುಣಿತ ಕಲಿಸಿ, ಆನ್‌ಲೈನ್‌ನಲ್ಲಿ ತರಿಸಿದ ಯಂತ್ರಹೊಲಿಗೆಯ ಉಡುಪನ್ನು ತೊಡಿಸಿದವರಲ್ಲಿ ನಾನೂ ಒಬ್ಬ. ಮದುವೆಯಾದ ಹೆಂಗಸರ ಗುರುತಾದ ಆಭರಣಗಳನ್ನು ಹತ್ತು ವರ್ಷದ ಹುಡುಗಿಯರಿಗೆ ಹಾಕಿದ್ದೆವೆಂದು ಆಮೇಲೆ ತಿಳಿದಾಗ ಮನಸ್ಸಿಗೆ ತುಂಬ ನೋವಾಯಿತು. ಮುಂದಿನ ನವೆಂಬರಿಗೆ ಉಡುಪನ್ನು ಸಂಡೂರಿನ ಹೆಣ್ಣುಮಕ್ಕಳಿಂದಲೇ ಹೊಲಿಸೋಣ, ಮಕ್ಕಳು ಯಾವುದನ್ನು ತೊಡಬಹುದು, ಯಾವುದನ್ನು ತೊಡಬಾರದು ಎಂಬುದನ್ನೂ ಅವರನ್ನೇ ಕೇಳೋಣ ಎಂದು ಸಮಿತಿಗೆ ಪತ್ರ ಬರೆದಿದ್ದೇನೆ.