ಲೀ ಮಾರ್ವಿನ್ ಇವೊ ಜಿಮಾದಲ್ಲಿ ಹೋರಾಡಿದ್ದರೇ?

ಹಾಲಿವುಡ್‌ನ ಹಳೆಯ ಕೌಬಾಯ್ ಚಿತ್ರಗಳ ನಟ ಲೀ ಮಾರ್ವಿನ್ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಇವೊ ಜಿಮಾ ದ್ವೀಪದ ಕದನದಲ್ಲಿ ಗಾಯಗೊಂಡು ನೇವಿ ಕ್ರಾಸ್ ಎಂಬ ಶೌರ್ಯ ಪದಕ ಪಡೆದರು, ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮದ 'ಕ್ಯಾಪ್ಟನ್ ಕಾಂಗರೂ' ಪಾತ್ರಧಾರಿಯೇ ಅಲ್ಲಿ ಅವರ ಜೊತೆಗಿದ್ದ ವೀರ ಸಾರ್ಜೆಂಟ್ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಇದು ನಿಜವಲ್ಲ.

ಮಾರ್ವಿನ್ ಅಮೆರಿಕದ ಮರೀನ್ಸ್ ಎಂಬ ಸೇನಾ ದಳದ ಯೋಧರಾಗಿದ್ದದ್ದು, ಗುಂಡೇಟು ತಿಂದದ್ದು ನಿಜ. ಸಂದೇಶ ನಂಬುವಂತಿರುವುದೂ ಅದಕ್ಕೇ. ಆದರೆ ಗುಂಡು ತಗುಲಿದ್ದು ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ, 1944ರ ಜೂನ್ 18ರಂದು. ಸಿಕ್ಕಿದ್ದು ಪರ್ಪಲ್ ಹಾರ್ಟ್, ಅಂದರೆ ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪದಕ. ಸೊಂಟದ ಕೆಳಗಿನ ನರವೇ ತುಂಡಾಗಿದ್ದರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಗಳಲ್ಲೇ ಕಳೆದರು. ಇವೊ ಜಿಮಾ ಕದನ ಶುರುವಾದದ್ದು 1945ರ ಫೆಬ್ರವರಿ 19ರಂದು.

ಕಾಂಗರೂ ಪಾತ್ರಧಾರಿ ಬಾಬ್ ಕೀಶನ್ ಹುಟ್ಟಿದ್ದು 1927ರ ಜೂನ್ 27. ಆ ಕದನದ ಹೊತ್ತಿಗೆ ಅವರಿಗಿನ್ನೂ ಹದಿನೇಳು. ಮರೀನ್ಸ್ ಸೇರಿದ್ದು ಆಮೇಲೆ, ಯುದ್ಧಭೂಮಿ ಕಾಣಲಿಲ್ಲ.

ಇಂಥದ್ದನ್ನು ಪರೀಕ್ಷಿಸಲು ಹುಟ್ಟಿದ ದಿನ, ಸೇನೆ ಸೇರಿದ ದಿನ, ಗಾಯಗೊಂಡ ದಿನ, ಕದನದ ದಿನ ಇಷ್ಟನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಸುಳ್ಳು ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಅಮೆರಿಕದ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿರುವ ಮಾರ್ವಿನ್ ಸಮಾಧಿಕಲ್ಲಿನ ಫೋಟೊವನ್ನೂ ಹುಡುಕಿ ನೋಡಬಹುದು. ಅದರ ಮೇಲಿರುವ ದರ್ಜೆ ಪಿ.ಎಫ್.ಸಿ., ಅಂದರೆ ಪ್ರೈವೇಟ್ ಫಸ್ಟ್ ಕ್ಲಾಸ್ ಎಂಬ ಕೆಳಹಂತದ ಸೈನಿಕ ದರ್ಜೆ.